ಶುಕ್ರವಾರದ ಬಿಡುಗಡೆ

ಕಾವೇರಿಯ ಒಂದು ಸಣ್ಣ ಕವಲಿನ ದಡದಲ್ಲಿ ಆರೋಗ್ಯಸ್ವಾಮಿಯವರ ಗ್ಯಾರೇಜ್ ಇತ್ತು. ಅಲ್ಲಿ ಗಾಡಿ ರಿಪೇರಿ ನಿಂತು ಎಷ್ಟೋ ವರ್ಷವಾಗಿತ್ತು. ಈಗ ಅಲ್ಲಿ ಗಿಟಾರ್ ಕಲಿಸುತ್ತಿದ್ದರು, ಅದೂ ಪಂಕ್ ಗಿಟಾರ್. ಎರಡು ನಿಮಿಷದ ಹಾಡು, ತಂತಿಯ ಮೇಲೆ ಬೆರಳಲ್ಲಿ ಹಿಡಿಯಲು ಮೂರೇ ಕಾರ್ಡ್, ಮಿಕ್ಕಿದ್ದೆಲ್ಲ ಸಿಟ್ಟು.

ಹೆಸರಲ್ಲಿ ಸ್ವಾಮಿ ಇದ್ದದ್ದರಿಂದ ಬೀದಿಯವರು ಗ್ಯಾರೇಜಿಗೆ ಆಶ್ರಮ ಎಂದು ಹೆಸರಿಟ್ಟಿದ್ದರು. ಆಶ್ರಮದ ಗಲಾಟೆ ತಡೆಯಲಾರದೆ ಶಟರ್ ಎಳೆದುಕೊಂಡು ಬಾರಿಸಿ ಎಂದೂ ಅವರೇ ಹೇಳಿದ್ದರು.

ಆ ಬುಧವಾರ ಶಿಷ್ಯೆ ಯಮುನಾ ಶಟರ್ ಕೆಳಗೆ ಬಗ್ಗಿ ಒಳಗೆ ಬಂದಳು. ಮುಖ ಬಾಡಿತ್ತು.

"ಗುರುಗಳೇ, ಈ ಶುಕ್ರವಾರ ಬೇಡ."

"ಏನು ಬೇಡ?"

"ಬಿಡುಗಡೆ."

ಗುರುಗಳು ಗಿಟಾರಿಗೆ ಹೊಸ ತಂತಿ ಹಾಕುತ್ತಿದ್ದರು. ತಲೆ ಎತ್ತಲಿಲ್ಲ. "ಬಿಡುಗಡೆ ಬೇಡ ಅನ್ನೋರನ್ನ ಇವತ್ತೇ ನೋಡಿದ್ದು."

ಯಮುನಾಗೆ ನಗು ಬರಲಿಲ್ಲ. ಅವಳ ಮೊದಲ ಹಾಡು ಶುಕ್ರವಾರ ಹೊರಬರಬೇಕಿತ್ತು. ಎರಡು ಸಲ ಮುಂದೆ ಹಾಕಿದ್ದಳು. ಇನ್ನೊಂದು ಸಲ ಮುಂದೆ ಹಾಕಿದರೆ ಡ್ರಮ್ಸ್ ಬಿಚ್ಚಿ ಆಟೋಗೆ ಹಾಕಿಕೊಂಡು ಹೋಗುತ್ತೇನೆ ಎಂದು ಅಫ್ರೋಜ್ ಹೇಳಿಬಿಟ್ಟಿದ್ದ. ಬ್ಯಾಂಡ್ ಅಂದರೆ ಇದ್ದದ್ದೇ ಅವರಿಬ್ಬರು.

"ಯಾಕೆ ಬೇಡ?"

"ಪ್ರತಿ ಶುಕ್ರವಾರ ನೆಟ್ಟಲ್ಲಿ ಹೊಸ ಹಾಡುಗಳು ಬರ್ತವಲ್ಲ, ಎಲ್ಲ ಕೇಳ್ತೀನಿ. ಹೋದ ವಾರ ಜಕಾರ್ತದ ಮೂರು ಹುಡುಗೀರು ಒಂದು ಬಿಟ್ರು, ಅಡುಗೆಮನೇಲಿ ರೆಕಾರ್ಡ್ ಮಾಡಿದ್ದು. ಕುಕ್ಕರ್ ಸೀಟಿನೂ ಹಾಡಲ್ಲೇ ಇದೆ. ಅದನ್ನ ಕೇಳಿದ ಮೇಲೆ ನಮ್ಮದು ಹಳೇದು ಅನ್ನಿಸ್ತು. ಹೊಸದಾಗಿ ಮಾಡ್ತೀನಿ."

"ಅದು ಮುಗಿಯೋ ಹೊತ್ತಿಗೆ ಇನ್ನೊಂದು ಶುಕ್ರವಾರ ಬರುತ್ತೆ."

ಯಮುನಾ ಹೆಗಲ ಚೀಲ ಕೆಳಗಿಟ್ಟಳು.

"ಆ ಹುಡುಗೀರ ಹಾಡು ಚೆನ್ನಾಗಿದ್ಯಾ?"

"ತುಂಬಾ ಚೆನ್ನಾಗಿದೆ."

"ಅವರು ನಿನ್ನ ಹಾಡು ಕೇಳಿದಾರಾ?"

"ಎಲ್ಲಿಂದ ಕೇಳ್ತಾರೆ? ನಾನಿನ್ನೂ ಬಿಟ್ಟೇ ಇಲ್ಲ."

"ಪಾಪ," ಅಂದರು ಗುರುಗಳು. "ನಿನಗೆ ಹೆದರ್ಕೊಳೋಕೆ ಅವರ ಹಾಡಿದೆ. ಅವರಿಗೆ ಏನೂ ಇಲ್ಲ."

ತಂತಿ ಬಿಗಿದು ಗಿಟಾರ್ ಅವಳ ಕೈಗೆ ಕೊಟ್ಟರು.

"ಬಾರಿಸು."

ಯಮುನಾ ಶುರು ಮಾಡಿದಳು. ಅವಳ ಬಾಡಿಗೆ ಮನೆಯ ಓನರ್ ಮೇಲೆ ಕಟ್ಟಿದ ಹಾಡು ಅದು. ಕಣ್ಣು ಮುಚ್ಚಿ ಕಿರುಚಿದಳು.

"ಆರಕ್ಕೆ ನೀರು ಬಂದ್..."

ಕರಕರ ಎಂದು ದೊಡ್ಡ ಸದ್ದಾಯಿತು. ಕಣ್ಣು ಬಿಟ್ಟರೆ ಬೆಳಕೋ ಬೆಳಕು. ಗುರುಗಳು ಶಟರನ್ನು ಪೂರ್ತಿ ಮೇಲಕ್ಕೆ ಎತ್ತಿಬಿಟ್ಟಿದ್ದರು.

"ಗುರುಗಳೇ, ಹೊರಗೆಲ್ಲ ಕೇಳ್ಸುತ್ತೆ."

"ಹೌದಾ," ಅಂದರು. ಹೊರಗೆ ಬಿದ್ದಿದ್ದ ಹಳೆಯ ಟೈರಿನ ಮೇಲೆ ಹೋಗಿ ಹೊಳೆಯ ಕಡೆ ಮುಖ ಮಾಡಿ ಕೂತರು.

ನಿಲ್ಲಿಸು ಎಂದೂ ಹೇಳಲಿಲ್ಲ, ಬಾರಿಸು ಎಂದೂ ಹೇಳಲಿಲ್ಲ. ಯಮುನಾಗೆ ಅವರ ಮೇಲೆ ಕೆಟ್ಟ ಕೋಪ ಬಂತು. ಆ ಕೋಪದಲ್ಲೇ ಮುಂದಿನ ಸಾಲಿಗೆ ಹೋದಳು. ಬೆರಳು ತಪ್ಪಿ ಬೇರೆ ತಂತಿಗೆ ಬಿತ್ತು. ಗಂಟಲು ಒಡೆಯಿತು.

"ಏಳಕ್ಕೆ ಮಾತು ಬಂದ್! ಓನರ್ ಬಾಯಿ ಮಾತ್ರ ಬಂದ್ ಆಗಲ್ಲ!"

ಬೇಸಿಗೆಯಾದ್ದರಿಂದ ಹೊಳೆ ಬತ್ತಿ ಸಣ್ಣದಾಗಿತ್ತು. ಆಚೆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಕೈ ತಡೆದು ಈ ಕಡೆ ನೋಡಿದಳು. ಯಮುನಾಳ ಕೈಯೂ ನಿಂತಿತು.

"ಏಯ್ ಮಗಾ," ಹೆಂಗಸು ಕೂಗಿದಳು, "ಏಳಕ್ಕೆ ಏನು ಬಂದ್ ಅಂದೆ?"

ಯಮುನಾ ಗಿಟಾರ್ ಕೊರಳಲ್ಲಿ ಇದ್ದ ಹಾಗೆಯೇ ಬಾಗಿಲಿಗೆ ಬಂದಳು. "ಮಾತು, ಅಕ್ಕಾ."

"ನಮ್ಮ ಓನರೂ ಹಂಗೇ ಕಣವ್ವಾ. ಹಂಗೇಯ."

ಹೆಂಗಸು ಮತ್ತೆ ಬಟ್ಟೆ ಎತ್ತಿ ಕಲ್ಲಿಗೆ ಬಡಿದಳು. ಮೊದಲಿಗಿಂತ ಜೋರಾಗಿಯೇ ಬಡಿದಳು. ಓನರನ್ನೇ ಕೈಲಿ ಹಿಡಿದ ಹಾಗಿತ್ತು.

ಯಮುನಾಗೆ ಸಂತೋಷವಾಯಿತು. ಒಂದು ಕ್ಷಣ ಅಷ್ಟೇ. ಆಮೇಲೆ ಹಳೆಯ ಚಿಂತೆ ಹತ್ತಿತು.

"ಗುರುಗಳೇ, ನಡುವೆ ಒಂದು ಕಡೆ ತಪ್ಪು ಬಾರಿಸಿದೆ. ಅದೂ ಅವರಿಗೆ ಕೇಳಿಸಿಬಿಡ್ತು."

"ಹೋಗಿ ವಾಪಸ್ ಇಸ್ಕೊಂಡು ಬಾ."

ಯಮುನಾ ಹೊಳೆಯನ್ನು ನೋಡಿದಳು. ಹೆಂಗಸನ್ನು ನೋಡಿದಳು. ಅವಳು ಬಟ್ಟೆ ಹಿಂಡುತ್ತ ಏನನ್ನೋ ಗುನುಗುತ್ತಿದ್ದಳು. ರಾಗ ತಪ್ಪಿತ್ತು, ಸಾಲೂ ಅಷ್ಟಿಷ್ಟು ಬದಲಾಗಿತ್ತು. ಆದರೂ ಯಾವ ಹಾಡು ಎಂದು ಯಮುನಾಗೆ ಗೊತ್ತಾಯಿತು.

ತಡೆಯಲಾಗದೆ ನಕ್ಕುಬಿಟ್ಟಳು. ಎಷ್ಟೋ ದಿನದಿಂದ ಅವಳು ನಕ್ಕಿರಲಿಲ್ಲ. ಫೋನ್ ತೆಗೆದು ಅಫ್ರೋಜನಿಗೆ ಮಾಡಿದಳು.

"ಶುಕ್ರವಾರ ಬಿಡ್ತಿದೀವಿ."

"ಯಾವ ಶುಕ್ರವಾರ?" ಅಂದ ಅವನು. ಅವನೂ ನೊಂದವನೇ.

"ನಾಡಿದ್ದು. ಇರೋದನ್ನೇ, ಇದ್ದ ಹಾಗೇ. ಆಟೋ ಕರೀಬೇಡ."

ಆ ಹೊತ್ತಿಗೆ ಪಕ್ಕದ ಮನೆಯ ಕಿಟಕಿ ದಡಾರನೆ ಮುಚ್ಚಿಕೊಂಡಿತು. ಶಟರ್ ಬಗ್ಗೆ ಬೀದಿಯವರು ಹೇಳಿದ್ದು ಯಮುನಾಗೆ ನೆನಪಾಯಿತು. ಎಟುಕಿ ಶಟರಿನ ಹಿಡಿಗೆ ಕೈ ಹಾಕಿದಳು.

"ಎಳೀಲಾ, ಗುರುಗಳೇ?"

ಗುರುಗಳು ಟೈರಿನಿಂದ ಏಳಲಿಲ್ಲ.

"ಎಳಿ. ಹಾಡು ಆಗಲೇ ಆಚೆ ಹೋಗಿದೆ."