ಹೂಂ ಅನ್ನದ ಅಮ್ಮಣ್ಣಿಯ ಮೊಗ್ಗಿನ ಜಡೆ

ಕಥೆ ಹೇಳುವವರಿಗೆ ಹೂಂ ಅನ್ನುವವರು ಬೇಕು. ನೀವು ಹೂಂ ಅನ್ನುತ್ತಿರಿ, ನಾನು ಹೇಳುತ್ತಾ ಹೋಗುತ್ತೇನೆ. ಎಲ್ಲಿ ನಿಲ್ಲಿಸಬೇಕೆಂದು ಕಡೆಯಲ್ಲಿ ನಾನೇ ತಿಳಿಸುತ್ತೇನೆ.

ಒಂದಾನೊಂದು ಊರು. ಕಂಚಿನಕೋಟೆ ಎಂದು ಅದರ ಹೆಸರು. ಅಲ್ಲಿ ಒಬ್ಬ ರಾಜನಿದ್ದನಂತೆ. ಅವನಿಗೆ ಮೂವರು ಹೆಣ್ಣುಮಕ್ಕಳು: ದೊಡ್ಡಮ್ಮಣ್ಣಿ, ನಡುವಮ್ಮಣ್ಣಿ, ಪುಟ್ಟಮ್ಮಣ್ಣಿ. ಮೂವರಿಗೂ ಮೊಣಕಾಲು ಮುಟ್ಟುವಷ್ಟು ಉದ್ದದ ಕೂದಲು.

ಆ ಊರಿನ ಮದುವೆಗೆ ಒಂದು ಕಟ್ಟಳೆ ಇತ್ತಂತೆ. ಲಗ್ನ ನಡೆಯುವುದು ಗೋಧೂಳಿಯಲ್ಲಿ. ಹೆಣ್ಣು ಹಸೆಗೆ ಬರುವಾಗ ಅವಳ ಜಡೆಯ ಮೇಲೆ ಕತ್ತಿನಿಂದ ತುದಿಯವರೆಗೆ ಮಲ್ಲಿಗೆ ಮೊಗ್ಗು ಹೊಲಿದಿರಬೇಕು. ಒಂದು ಮೊಗ್ಗೂ ಅರಳಿರಬಾರದು. ಗಂಡಿನ ಕಡೆಯ ಹಿರಿಯ ಮುತ್ತೈದೆ ಬಂದು ಜಡೆಯನ್ನು ಮುಟ್ಟಿ ನೋಡುತ್ತಾಳೆ. ಅಂತರಪಟ ಸರಿದು ತಾಳಿ ಕಟ್ಟುವಾಗ ಮೊಗ್ಗುಗಳು ಒಂದೊಂದಾಗಿ ಬಿರಿದರೆ ಇಬ್ಬರ ಬಾಳೂ ಅರಳಿತೆಂದು ನಂಬಿಕೆ. ಮೊದಲೇ ಅರಳಿದ್ದರೆ ಗಂಡಿನವರು ಎದ್ದು ಹೋಗುತ್ತಾರೆ. ಅವರನ್ನು ಯಾರೂ ತಡೆಯುವ ಹಾಗಿಲ್ಲ.

ಮೊಗ್ಗನ್ನು ಬಿಸಿಲೇರಿದ ಮೇಲೆ ಬಿಡಿಸಬೇಕು. ದೀಪ ಹಚ್ಚುವ ಹೊತ್ತಿಗೆ ಅದು ಅರಳಿಯೇ ಅರಳುತ್ತದೆ, ರಾಜ ಹೇಳಿದರೂ ಕಾಯುವುದಿಲ್ಲ. ಆದ್ದರಿಂದ ಜಡೆ ಹೊಲಿಯುವವಳ ಕೈ ಎಲ್ಲಿಯೂ ನಿಲ್ಲಬಾರದು.

ಆ ವಿದ್ಯೆ ಬಲ್ಲವಳು ಊರಿಗೆಲ್ಲ ಒಬ್ಬಳೇ, ಜಡೆ ತಿರುಮಕ್ಕ. ಅಜ್ಜಿಯ ಅಜ್ಜಿಯಿಂದ ಅವಳಿಗೆ ಬಂದ ಕೈ ಅದು. ಸೂಜಿ ಹಿಡಿದು ಕುಳಿತಳೆಂದರೆ ಜಡೆಗೆ ಹೊಂದಿಸಿದ ಬಾಳೆಪಟ್ಟೆಯ ಮೇಲೆ ಮೊಗ್ಗು ತಾನೇ ಬಂದು ಕೂರುತ್ತಿತ್ತಂತೆ. ಆದರೆ ಅವಳ ನಾಲಿಗೆ ಅವಳ ಕೈಗಿಂತ ಚುರುಕು. ಬಾಚಣಿಗೆ ತಲೆಗೆ ತಾಗುವ ಮೊದಲೇ ಮಾತು ಶುರು. ಗೌಡರ ಮನೆಯ ಸುದ್ದಿ ಶಾನುಭೋಗರ ಮನೆಯ ತಲೆಗೆ, ಶಾನುಭೋಗರ ಮನೆಯ ಸುದ್ದಿ ಗೌಡರ ಮನೆಯ ತಲೆಗೆ.

ಅದೂ ಹೋಗಲಿ ಎನ್ನಬಹುದು. ಅವಳಿಗೆ ಕೈಯಾಡಿಸದೆ ಮಾತೇ ಬರುತ್ತಿರಲಿಲ್ಲವಂತೆ. ಅತ್ತೆ ಸೊಸೆಗೆ ಬಡಿಸಿದ ಮುದ್ದೆ ಎಷ್ಟು ಚಿಕ್ಕದೆಂದು ಹೇಳಬೇಕಾದರೆ ಸೂಜಿಯನ್ನು ಕೆಳಗಿಡಬೇಕು. ಯಾರೋ ಕೆರೆಯ ಮೆಟ್ಟಿಲಲ್ಲಿ ಜಾರಿಬಿದ್ದರೆಂದು ಹೇಳಬೇಕಾದರೆ ಜಡೆಯನ್ನು ಬಿಟ್ಟು ಅರ್ಧ ಎದ್ದೇಳಬೇಕು. ಯಾರಾದರೂ ಬೇಗ ಆಗಲಿ ಎಂದರೆ, "ನನ್ನ ಕೈ ಎಂಥದ್ದು ಅಂತ ಏಳೂರಿಗೆ ಗೊತ್ತು, ನೀವು ಸುಮ್ಮನೆ ತಲೆ ಬಗ್ಗಿಸಿ ಕೂತ್ಕೊಳ್ಳಿ" ಅನ್ನುತ್ತಿದ್ದಳಂತೆ.

ಆ ಊರಿನಲ್ಲಿ ಇನ್ನೊಂದು ವಿಚಿತ್ರವಿತ್ತು. ಹಬ್ಬದ ಮಾರನೆಯ ದಿನ ಹೆಂಗಸರೆಲ್ಲ ಎಡಗಿವಿಯ ಹಿಂದೆ ಹರಳೆಣ್ಣೆ ಹಚ್ಚಿಕೊಂಡು ಕೂರುತ್ತಿದ್ದರು. ಯಾಕೆಂದು ಯಾರೂ ಕೇಳುತ್ತಿರಲಿಲ್ಲ.

ದೊಡ್ಡಮ್ಮಣ್ಣಿಗೆ ಮದುವೆ ಗೊತ್ತಾಯಿತು. ತಿರುಮಕ್ಕ ಬಂದಳು, ಕೂತಳು, ಮಾತು ತೆಗೆದಳು. ಹತ್ತು ಮೊಗ್ಗು ಹೊಲಿದರೆ ಒಂದು ಸುದ್ದಿ, ಇನ್ನು ಹತ್ತು ಹೊಲಿದರೆ ಇನ್ನೊಂದು ಸುದ್ದಿ. ಸೊಂಟದವರೆಗೆ ಬರುವಷ್ಟರಲ್ಲಿ ಸೂರ್ಯ ಕೋಟೆಯ ಆಚೆ ಇಳಿದ. ಕತ್ತಿನ ಬಳಿಯ ಮೊಗ್ಗು ಘಮ್ಮೆಂದು ಅರಳಿತು. ಗಂಡಿನವರು ಎದ್ದು ಹೋದರಂತೆ. ಅವಸರದ ಮೊಗ್ಗು ತಂದದ್ದು ತೋಟದ ನಿಂಗಾಜಮ್ಮನ ತಪ್ಪು ಎಂದಳು ತಿರುಮಕ್ಕ.

ನಡುವಮ್ಮಣ್ಣಿಗೆ ಮದುವೆ ಗೊತ್ತಾಯಿತು. ಈ ಸಲ ರಾಜ ಬಾಗಿಲಲ್ಲಿ ಕತ್ತಿ ಹಿರಿದ ಭಟನನ್ನು ನಿಲ್ಲಿಸಿ, ಒಂದು ಮಾತಾಡಿದರೂ ನಾಲಿಗೆ ಕತ್ತರಿಸುವುದಾಗಿ ಡಂಗುರ ಸಾರಿಸಿದ. ತಿರುಮಕ್ಕ ಬಾಯಿ ಬಿಡಲಿಲ್ಲ. ಆದರೆ ಕತ್ತಿ ನೋಡಿದ ಕೈ ಗಡಗಡ ನಡುಗಿ ಹೊಲಿಗೆಯೆಲ್ಲ ಸಡಿಲವಾಯಿತು. ಮುತ್ತೈದೆ ಬಂದು ಬೆರಳು ತಾಗಿಸಿದ್ದೇ ತಡ, ಮೊಗ್ಗೆಲ್ಲ ಹುರಿದ ಅರಳಿನ ಹಾಗೆ ನೆಲಕ್ಕೆ ಉದುರಿದವು. ಆ ಗಂಡಿನವರೂ ಎದ್ದು ಹೋದರಂತೆ. ಬಾಡಿದ ಮೊಗ್ಗು ತಂದದ್ದು ನಿಂಗಾಜಮ್ಮನ ತಪ್ಪು ಎಂದಳು ತಿರುಮಕ್ಕ.

ಇಬ್ಬರು ಅಕ್ಕಂದಿರು ಮನೆಯಲ್ಲೇ ಉಳಿದರು. ಮೂರನೆಯವಳ ಮದುವೆಯೂ ಹೀಗೆ ಮುರಿದರೆ ಆ ಮನೆಯ ಹೆಣ್ಣನ್ನು ಇನ್ನು ಯಾವ ಊರಿನವರೂ ಕೇಳುವುದಿಲ್ಲವೆಂದು ಜೋಯಿಸರು ರಾಜನ ಮುಖಕ್ಕೇ ಹೇಳಿದರು. ಪುಟ್ಟಮ್ಮಣ್ಣಿಗೆ ಗೊತ್ತಾಗಿದ್ದ ಗಂಡು ಹೊಳೆಯಾಚೆಯ ಊರಿನ ಪಾಳೆಯಗಾರನ ಮಗ. ದೂರದಿಂದ ಒಂದೇ ಸಲ ನೋಡಿದ್ದಳು, ಮನಸ್ಸು ಒಪ್ಪಿತ್ತು. ಅವಳಿಗೆ ಅನ್ನ ಸೇರದಾಯಿತಂತೆ.

ಮದುವೆಯ ದಿನ ಬಿಸಿಲೇರಿದ ಮೇಲೆ ನಿಂಗಾಜಮ್ಮ ಮೊಗ್ಗಿನ ಕುಕ್ಕೆ ಹೊತ್ತು ಬಂದಳು. ಎರಡು ಸಲ ತಪ್ಪು ಹೊತ್ತ ಮುದುಕಿ ಅವಳು. ಎರಡು ಸಲವೂ ಬಾಗಿಲ ಬಳಿ ಕೂತು ಎಲ್ಲವನ್ನೂ ಕಣ್ಣಾರೆ ಕಂಡಿದ್ದಳು. ಅಮ್ಮಣ್ಣಿಯ ಕಣ್ಣು ಕೆಂಪಾಗಿದ್ದದ್ದನ್ನು ನೋಡಿ ಹತ್ತಿರ ಬಂದಳಂತೆ.

"ತಾಯಿ, ನಮ್ಮ ಹಟ್ಟಿಯ ಹಸು ಗೊತ್ತಾ ನಿಮಗೆ? ಕರು ಗುದ್ದೋವರೆಗೂ ಹಾಲು ಇಳಿಸುತ್ತೆ. ಗುದ್ದೋದು ಬಿಟ್ಟರೆ ಅದೂ ಬಿಡುತ್ತೆ. ದೊಡ್ಡಮ್ಮಣ್ಣಿಯವರು ಆವತ್ತು ಮಾತಿಗೊಂದು ಹೂಂ ಅಂದರು. ನಾನು ಎಣಿಸಿ ಸೋತೆ."

ಪುಟ್ಟಮ್ಮಣ್ಣಿಗೆ ಕಸಿವಿಸಿಯಾಯಿತು. ಮೂವರನ್ನೂ ರಾಣಿ ಕಟ್ಟುನಿಟ್ಟಾಗಿ ಬೆಳೆಸಿದ್ದಳು. ಯಾರು ಮಾತಾಡಿಸಿದರೂ ತಲೆಯಾಡಿಸಬೇಕು, ಹೂಂ ಅನ್ನಬೇಕು, ಮುಂದೇನಾಯಿತೆಂದು ಕೇಳಬೇಕು. "ಹಿರಿಯರು ಮಾತಾಡುವಾಗ ಉತ್ತರ ಕೊಡದೆ ಕೂರುವುದು ಮರ್ಯಾದೆಯೇ ಅಜ್ಜಿ?"

"ಕೆಲಸ ಹಿಡಿದ ಕೈಯನ್ನ ನಿಲ್ಲಿಸೋದು ಯಾವ ಮರ್ಯಾದೆ ತಾಯಿ? ಬೈಬೇಡಿ, ಬೈದರೆ ಅದಕ್ಕೂ ಅವಳ ಹತ್ತಿರ ಉತ್ತರ ಇದೆ. ಹೆದರಿಸಬೇಡಿ, ಹೆದರಿಸಿದ್ದು ಏನಾಯಿತು ಅಂತ ನೋಡಿದ್ದೀರಿ. ಬೇಕಾದ್ದನ್ನ ಒಂದೇ ಸಲ ಹೇಳಿ. ಆಮೇಲೆ ಕಲ್ಲು ದೇವರ ಹಾಗೆ ಕೂತುಬಿಡಿ."

ತಿರುಮಕ್ಕ ಬಂದಳು. ಬಾಚಣಿಗೆ ತೆಗೆದಳು. ಅವಳು ಬಾಯಿ ತೆರೆಯುವ ಮೊದಲೇ ಪುಟ್ಟಮ್ಮಣ್ಣಿ ತಿರುಗಿ ಅವಳ ಮುಖ ನೋಡಿ ಹೇಳಿದಳಂತೆ, "ತಿರುಮಕ್ಕ, ಇವತ್ತು ನನಗೆ ಮಾತು ಬೇಡ. ಜಡೆ ಬೇಕು."

ದನಿಯಲ್ಲಿ ಸಿಟ್ಟೂ ಇರಲಿಲ್ಲ, ನಗುವೂ ಇರಲಿಲ್ಲ. ಹೇಳಿ ಮುಂದಕ್ಕೆ ತಿರುಗಿ ಕೂತಳು.

ತಿರುಮಕ್ಕ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಎಡಗಿವಿಯ ಹಿಂದಿನ ಮೊದಲ ಎಳೆಯನ್ನು ಬಿಗಿದು ಕಟ್ಟಿ, ಸಾಲು ಹೊಲಿಯತೊಡಗಿ, ಗೌಡರ ಮನೆಯ ಎಮ್ಮೆ ಕಳೆದುಹೋದ ಸುದ್ದಿ ತೆಗೆದಳು. ಎಮ್ಮೆ ಎಲ್ಲಿ ಸಿಕ್ಕಿತು ಗೊತ್ತೇ ಎಂದು ಕೇಳಿ ಸೂಜಿ ಕೆಳಗಿಟ್ಟು ಕಾದಳು. ಅಮ್ಮಣ್ಣಿ ಹೂಂ ಅನ್ನಲಿಲ್ಲ. ಎಮ್ಮೆ ಸಿಗದೆ ಅಲ್ಲೇ ಉಳಿಯಿತು. ತಿರುಮಕ್ಕ ಸೂಜಿ ಎತ್ತಿಕೊಂಡಳು.

ಒಂದು ಸಾಲಾದ ಮೇಲೆ ಶಾನುಭೋಗರ ಮನೆಯ ಅತ್ತೆ ಸೊಸೆಯ ಜಗಳ ತೆಗೆದಳು. ಅತ್ತೆ ಏನಂದಳು ಗೊತ್ತೇ ಎಂದು ಕೇಳಿ ಕಾದಳು. ಅಮ್ಮಣ್ಣಿ ಹೂಂ ಅನ್ನಲಿಲ್ಲ. ಅತ್ತೆ ಏನೂ ಅನ್ನದೆ ಉಳಿದಳು. ತಿರುಮಕ್ಕ ಮತ್ತೆ ಸೂಜಿ ಎತ್ತಿಕೊಂಡಳು.

ಎರಡು ಸಾಲಾಯಿತು. ಆಗ ತಿರುಮಕ್ಕ ದನಿ ಇಳಿಸಿದಳಂತೆ. "ಹೊಳೆಯಾಚೆಯ ಗಂಡಿನ ವಿಷಯ ಒಂದು ಕಿವಿಗೆ ಬಿತ್ತು ಅಮ್ಮಣ್ಣಿ. ಹೇಳಲೋ, ಬೇಡವೋ?"

ಕೈ ಹಿಡಿಯುವವನ ವಿಷಯ. ಕುಂಟನೋ, ಕುಡುಕನೋ, ಇನ್ನೊಬ್ಬಳು ಇರುವಳೋ? ಒಂದೇ ಒಂದು ಹೂಂ ಅಂದರೆ ತಿಳಿದುಬಿಡುತ್ತದೆ. ಹೂಂ ಅಂದರೆ ಮೊಗ್ಗು ಅರಳಿಬಿಡುತ್ತದೆ. ಬಾಗಿಲ ಬಳಿ ಕೂತಿದ್ದ ನಿಂಗಾಜಮ್ಮ ಕುಕ್ಕೆಯಿಂದ ತಲೆ ಎತ್ತಿ ನೋಡಿದಳು. ಪುಟ್ಟಮ್ಮಣ್ಣಿ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಳಂತೆ. ಹೂಂ ಅನ್ನಲಿಲ್ಲ.

ತಿರುಮಕ್ಕ ಕಾದಳು, ಕಾದಳು. ಕಡೆಗೆ ಸೂಜಿ ಎತ್ತಿಕೊಂಡಳು. ಮೂರನೆಯ ಸಾಲು ಹೊಲಿದಳು. ಕತ್ತಿಯ ಭಯವಿಲ್ಲದೆ ಅವಳ ಸುತ್ತ ಸದ್ದಡಗಿದ್ದು ಮೂವತ್ತು ವರ್ಷದಲ್ಲಿ ಅದೇ ಮೊದಲು. ದಾರ ಬಾಳೆಪಟ್ಟೆಯಲ್ಲಿ ಸರ್ರನೆ ಹೋಗುವುದು ಅವಳಿಗೆ ಕೇಳಿಸಿತು. ಆಮೇಲೆ ಇನ್ನೊಂದು ಕೇಳಿಸಿತು. ಪ್ರತಿ ಸಲ ದಾರ ಎಳೆದಾಗಲೂ ಮುಂದೆ ಕೂತ ಹುಡುಗಿ ಉಸಿರನ್ನು ಒಳಗೆಳೆದುಕೊಳ್ಳುತ್ತಿದ್ದಳು.

ತಿರುಮಕ್ಕನ ಕೈ ನಿಂತಿತು. "ಏನಾಯ್ತು ಅಮ್ಮಣ್ಣಿ?"

ಇದು ಸುದ್ದಿಯಲ್ಲ, ಕೆಲಸದ ಮಾತು. ಪುಟ್ಟಮ್ಮಣ್ಣಿ ಸೆರಗು ಬಿಟ್ಟಳು. "ಎಡಗಿವಿಯ ಹಿಂದೆ ನೋಯುತ್ತಿದೆ ತಿರುಮಕ್ಕ."

"ಇವತ್ತು ಬಿಗಿ ಜಾಸ್ತಿ ಆಯ್ತೇನೋ."

"ಇವತ್ತಲ್ಲ. ಚಿಕ್ಕಂದಿನಿಂದ. ನಮ್ಮ ಮೂವರಿಗೂ. ಅಮ್ಮನಿಗೂ."

"ಅಯ್ಯೋ, ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಹೇಳುವುದಕ್ಕೆ ಎಡೆ ಎಲ್ಲಿತ್ತು?"

ತಿರುಮಕ್ಕ ಬಗ್ಗಿ ಕೂದಲನ್ನು ಸರಿಸಿ ನೋಡಿದಳು. ಎಡಗಿವಿಯ ಹಿಂದೆ ಬೆರಳಗಲ ಚರ್ಮ ಕೆಂಪಾಗಿ ಗಟ್ಟಿಕಟ್ಟಿತ್ತು. ಹಬ್ಬಕ್ಕೆ ತಾನು ಜಡೆ ಹೆಣೆದ ತಲೆಗಳೂ ಮಾರನೆಯ ದಿನದ ಹರಳೆಣ್ಣೆಯೂ ಅವಳಿಗೆ ಆಗ ನೆನಪಾದವಂತೆ. ಇದು ನಿಂಗಾಜಮ್ಮನ ತಪ್ಪು ಎನ್ನುವ ಹಾಗಿರಲಿಲ್ಲ.

ಮೊದಲ ಎಳೆ ಸಡಿಲಿಸಬೇಕಾದರೆ ಹೊಲಿದ ಮೂರು ಸಾಲನ್ನೂ ಬಿಚ್ಚಬೇಕು. ಹೊರಗೆ ಬಿಸಿಲು ಕೋಟೆಯ ಗೋಡೆಯನ್ನು ಅರ್ಧ ಏರಿತ್ತು. ಹಾಗೆಯೇ ಇರಲಿ, ತಡೆದುಕೊಳ್ಳುತ್ತೇನೆ ಎಂದಳು ಅಮ್ಮಣ್ಣಿ. ತಿರುಮಕ್ಕ ಮಾತಿಲ್ಲದೆ ಮೂರು ಸಾಲನ್ನೂ ಬಿಚ್ಚಿದಳು. ಎಳೆ ಸಡಿಲಿಸಿ ಹೊಸದಾಗಿ ಹೆಣೆದಳು. ಆಮೇಲೆ ಆ ಕೈ ಓಡಿದ್ದನ್ನು ನೋಡಬೇಕಿತ್ತಂತೆ. ನಿಂಗಾಜಮ್ಮ ಪಕ್ಕಕ್ಕೆ ಬಂದು ಕೂತು ಮೊಗ್ಗು ಆಯ್ದು ಕೊಟ್ಟಳು, ಇವಳು ಹೊಲಿದಳು. ಒಬ್ಬಳು ಕೊಟ್ಟಳು, ಒಬ್ಬಳು ಹೊಲಿದಳು. ಕತ್ತು ಮುಗಿಯಿತು, ಬೆನ್ನು ಮುಗಿಯಿತು, ಸೊಂಟ ದಾಟಿತು. ಮೇಯಲು ಹೋದ ದನಗಳು ಊರ ಬಾಗಿಲಿಗೆ ಬಂದು ಅಂಬಾ ಎನ್ನುವಾಗ ತಿರುಮಕ್ಕ ಕಡೆಯ ಗಂಟು ಹಾಕಿ ದಾರ ಕಚ್ಚಿ ತುಂಡರಿಸಿದಳು.

ಗಂಡಿನ ಕಡೆಯ ಮುತ್ತೈದೆ ಬಂದು ಕತ್ತಿನಿಂದ ತುದಿಯವರೆಗೆ ಬೆರಳಾಡಿಸಿದಳು. ಒಂದು ಮೊಗ್ಗೂ ಅರಳಿರಲಿಲ್ಲ, ಒಂದು ಮೊಗ್ಗೂ ಅಲ್ಲಾಡಲಿಲ್ಲ. ಅಂತರಪಟ ಸರಿಯಿತು. ತಾಳಿ ಕಟ್ಟುವ ಹೊತ್ತಿಗೆ ಜಡೆ ಮೇಲಿನಿಂದ ಕೆಳಗೆ ಬಿರಿಯುತ್ತಾ ಬಂತು. ಚಪ್ಪರವೆಲ್ಲ ಘಮಘಮ. ಅದೇ ವರ್ಷ ದೊಡ್ಡಮ್ಮಣ್ಣಿಗೂ ನಡುವಮ್ಮಣ್ಣಿಗೂ ಗಂಡು ಬಂದು ಮದುವೆಯಾಯಿತಂತೆ.

ಮರುದಿನ ಜಡೆ ಬಿಚ್ಚಲು ಬಂದ ತಿರುಮಕ್ಕನನ್ನು ಪುಟ್ಟಮ್ಮಣ್ಣಿ ತಾನೇ ಕರೆದು ಕೂರಿಸಿದಳು. "ಈಗ ಹೇಳು ತಿರುಮಕ್ಕ. ಗಂಡಿನ ವಿಷಯ ಏನೋ ಕಿವಿಗೆ ಬಿತ್ತು ಅಂದೆಯಲ್ಲ, ಏನದು?"

ತಿರುಮಕ್ಕ ಬಿಚ್ಚುವ ಕೈಯನ್ನು ನಿಲ್ಲಿಸದೆ ಹೇಳಿದಳಂತೆ, "ಬಹಳ ಒಳ್ಳೆಯವರು ಅಮ್ಮಣ್ಣಿ. ಒಂದೇ ಕೊರತೆ. ಮಾತು ತೆಗೆದರೆ ನಿಲ್ಲಿಸುವುದೇ ಇಲ್ಲವಂತೆ."

ಪುಟ್ಟಮ್ಮಣ್ಣಿ ನಕ್ಕಳು. "ಚಿಂತೆಯಿಲ್ಲ. ಅದಕ್ಕೆ ಮದ್ದು ನಿನ್ನ ಕೈಯಲ್ಲೇ ಕಲಿತೆ."

ಅಂದಿನಿಂದ ಕಂಚಿನಕೋಟೆಯಲ್ಲಿ ತಿರುಮಕ್ಕ ಬಾಚಣಿಗೆ ಹಿಡಿದರೆ ಮೊದಲು ಒಂದು ಮಾತು ಕೇಳುತ್ತಿದ್ದಳಂತೆ: ಎಲ್ಲಾದರೂ ನೋಯುತ್ತದೆಯೇ? ಉತ್ತರ ಬರುವವರೆಗೆ ಕಾಯುತ್ತಿದ್ದಳಂತೆ. ಹಬ್ಬದ ಮಾರನೆಯ ದಿನ ಆ ಊರಿನಲ್ಲಿ ಹರಳೆಣ್ಣೆ ದೀಪಕ್ಕೆ ಮಾತ್ರ ಬೇಕಾಯಿತಂತೆ.

ಅವರ ಮಲ್ಲಿಗೆ ಅವರ ಜಡೆಗೆ, ನಮ್ಮ ಕಥೆ ನಮ್ಮ ಜಗಲಿಗೆ. ಕಡೆಯ ಗಂಟು ಹಾಕಿದ್ದೇನೆ. ಇನ್ನು ನೀವು ಹೂಂ ಅನ್ನುವುದನ್ನು ನಿಲ್ಲಿಸಬಹುದು.