ಬೋಳುಗುಡ್ಡದ ಹುಲ್ಲು

ತೊರೆಯ ದಂಡೆಯಲ್ಲೊಂದು ಆಶ್ರಮ. ಅದರ ಹಿಂದಿನ ಗುಡ್ಡದ ಮೇಲೆ ಆಶ್ರಮದ ಮೂವತ್ತು ಹಸುಗಳು ಮೇಯುತ್ತಿದ್ದವು. ಅವುಗಳ ಹೊಣೆ ಶಿಷ್ಯ ಸಿದ್ಧಮಲ್ಲನದು.

ಅವನಿಗೆ ಹಸುಗಳೆಂದರೆ ಪ್ರಾಣ. ಬೆಳಿಗ್ಗೆ ಬಿಟ್ಟರೆ ಸಂಜೆಯವರೆಗೆ ಅವುಗಳನ್ನು ಎಲ್ಲಿಯೂ ತಡೆಯುತ್ತಿರಲಿಲ್ಲ.

ಮೂರು ವರ್ಷಕ್ಕೆ ಗುಡ್ಡ ಬೋಳಾಯಿತು. ಮಳೆ ಬಂದರೆ ಕೆಂಪು ನೀರು ತೊರೆಗೆ ಓಡುತ್ತಿತ್ತು. ಆ ಬೇಸಿಗೆ ಆಶ್ರಮದ ಬಾವಿಯೂ ಬತ್ತಿತು.

ಸಿದ್ಧಮಲ್ಲ ಗುರು ಮುರಿಗಯ್ಯನವರ ಮುಂದೆ ನಿಂತ.

"ಬುದ್ಧಿ, ಹಸುಗಳನ್ನು ಯಾರಿಗಾದರೂ ಕೊಟ್ಟುಬಿಡೋಣ. ಗುಡ್ಡವನ್ನೇ ತಿಂದು ಮುಗಿಸಿದವು."



"ಗುಡ್ಡದ ಮೇಲಕ್ಕೆ ಎರಡು ಕೊಡ ನೀರು ತಾ" ಎಂದರು ಗುರುಗಳು.

ತೊರೆಯ ಮಡುವಿನಲ್ಲಿ ಉಳಿದಿದ್ದ ನೀರನ್ನೇ ತುಂಬಿಕೊಂಡು ಅವನು ಏದುಸಿರು ಬಿಡುತ್ತ ಗುಡ್ಡ ಹತ್ತಿದ.

ಗುರುಗಳು ಒಂದು ಕೊಡವನ್ನು ಬೋಳು ನೆಲಕ್ಕೆ ಸುರಿದರು. ನೀರು ಸರ್ರನೆ ಕೆಳಗೆ ಹರಿದುಹೋಯಿತು.

ಪಕ್ಕದಲ್ಲಿ ಹಿರಿಯ ಗುರುಗಳ ಸಮಾಧಿ. ಸುತ್ತ ಕಲ್ಲಿನ ಗೋಡೆ. ಹಸುಗಳು ಒಳಗೆ ಹೋದದ್ದಿಲ್ಲ. ಇನ್ನೊಂದು ಕೊಡವನ್ನು ಅಲ್ಲಿನ ಹುಲ್ಲಿಗೆ ಸುರಿದರು. ನೆಲವೇ ಎಲ್ಲ ಹೀರಿಕೊಂಡಿತು; ಒಂದು ಹನಿಯೂ ಹೊರಗೆ ಬರಲಿಲ್ಲ.

"ಹಾಗಾದರೆ ತಪ್ಪು ಹಸುಗಳದೇ ಅಲ್ಲವೇ?" ಎಂದ ಸಿದ್ಧಮಲ್ಲ.

"ಮೇಯುವುದು ಹಸುವಿನ ಕೆಲಸ. ಸಾಕು, ಮುಂದೆ ನಡೆ ಅನ್ನುವುದು ಯಾರ ಕೆಲಸ?"



ಮರುದಿನವೇ ಸಿದ್ಧಮಲ್ಲ ಮುಳ್ಳು ಕಡಿದು ತಂದ. ಗುಡ್ಡವನ್ನು ಎಂಟು ಭಾಗ ಮಾಡಿ ಬೇಲಿ ಕಟ್ಟಿದ. ಒಂದರಲ್ಲಿ ನಾಲ್ಕು ದಿನ ಮೇಯಿಸಿ ಹಸುಗಳನ್ನು ಮುಂದಿನದಕ್ಕೆ ಹೊಡೆದ. ಉಳಿದ ಏಳೂ ಮುಚ್ಚಿರುತ್ತಿದ್ದವು, ಅಲ್ಲಿನ ನೆಲಕ್ಕೆ ವಿಶ್ರಾಂತಿ. ಕಡಿಮೆ ಬಿದ್ದ ಮೇವನ್ನು ತೊರೆಯಾಚೆಯಿಂದ ಹೊತ್ತು ತಂದ.

ಮೊದಲ ಮಳೆಗಾಲದಲ್ಲಿ ಗೌರಿ ಎಂಬ ಹಸು ಬೇಲಿಯಾಚೆಯ ಚಿಗುರು ನೋಡಿ ಅಂಬಾ ಎಂದಿತು.  ಸಿದ್ಧಮಲ್ಲ ಮುಳ್ಳು ಸರಿಸಲು ಕೈ ಹಾಕಿದ.

"ಮೊದಲು ಒಂದು ಹುಲ್ಲಿನ ಗರಿ ಹಿಡಿದು ಎಳೆ" ಎಂದರು ಹಿಂದಿನಿಂದ ಗುರುಗಳು.

ಎಳೆದ. ಬೇರುಸಮೇತ ಕೈಗೆ ಬಂತು. ಬೇರು ಬೆರಳಿನಷ್ಟೂ ಉದ್ದವಿರಲಿಲ್ಲ.

ಅವನು ಮುಳ್ಳನ್ನು ಮತ್ತೆ ಸರಿಯಾಗಿ ಇಟ್ಟ.

ಮೂರನೆಯ ಮಳೆಗಾಲಕ್ಕೆ ಎರಡು ಕೈಯಲ್ಲಿ ಎಳೆದರೂ ಹುಲ್ಲು ಕಿತ್ತು ಬರಲಿಲ್ಲ. ಗುಡ್ಡದಿಂದ ಇಳಿದ ನೀರು ತಿಳಿಯಾಗಿತ್ತು. ಬೇಸಿಗೆಯಲ್ಲೂ ಬಾವಿಗೆ ಹಗ್ಗ ಇಳಿಸಿದರೆ ಕೊಡ ತುಂಬುತ್ತಿತ್ತು. ಮೂವತ್ತು ಹಸುಗಳೂ ಮೈತುಂಬಿಕೊಂಡಿದ್ದವು.

ಸಿದ್ಧಮಲ್ಲ ಓಡಿ ಬಂದ.

"ಬುದ್ಧಿ, ಗುಡ್ಡ ಚೇತರಿಸಿಕೊಂಡಿತು! ಇನ್ನು ಬೇಲಿ ತೆಗೆದುಬಿಡಲೇ?"

ಗುರುಗಳು ನಕ್ಕರು.

"ನಿನ್ನೆ ಚೆನ್ನಾಗಿ ನಿದ್ದೆ ಮಾಡಿದೆಯಲ್ಲ, ಸಿದ್ಧಮಲ್ಲ. ಇವತ್ತು ಮಲಗುವುದಿಲ್ಲವೇ?"