ಹುಲಿ ಒಣಗಲಿ, ಆಮೇಲೆ ಮದುವೆ

ಬನ್ನಿ, ಕೂತ್ಕೊಳ್ಳಿ. ಆಮೇಲೇನಾಯ್ತು, ಆಮೇಲೇನಾಯ್ತು ಅಂತ ನನ್ನ ಪ್ರಾಣ ಹಿಂಡಬೇಡಿ. ಅವಸರಪಟ್ಟವರ ಕತೆಯೇ ಇದು, ನಿಮಗೂ ಅದೇ ಗತಿ ಆದೀತು!

ಹುಲಿ ಹೊಡೆದರೆ ಸರ್ಕಾರ ಬೇಡ ಅನ್ನದೇ ಇದ್ದ ಕಾಲ. ಒಂದೂರಲ್ಲಿ ನಿಂಗಾಜಮ್ಮ ಅಂತ ಒಬ್ಬಳು. ಗಂಡ ತೀರಿಕೊಂಡಿದ್ದ. ಇದ್ದೋನು ಒಬ್ಬನೇ ಮಗ, ಜವರ. ಆಳು ನೋಡಿದರೆ ಬಾಗಿಲು ತುಂಬ. ಬುದ್ಧಿ ಮಾತ್ರ ಸೊನ್ನೆ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. "ಕೋಳಿ ಎಲ್ಲಾ ಒಳಗೆ ಬಂದ ಮೇಲೆ ಗೂಡು ಮುಚ್ಚೋ" ಅಂದಿದ್ದಳು ಒಂದು ಸಂಜೆ. ಹಿಂದಿನ ಸಂತೇಲಿ ಮಾರಿದ ಹುಂಜ ಇನ್ನೂ ಬರಲಿಲ್ಲವಲ್ಲ ಅಂತ ಗೂಡು ತೆರೆದಿಟ್ಟುಕೊಂಡೇ ಕೂತಿದ್ದ. ನರಿ ಬಂತು. "ಹುಂಜ ಬಂತಾ?" ಅಂತ ನರೀನೇ ಕೇಳಿದ!

ಇಂಥವನಿಗೆ ಹೆಣ್ಣು ಕೊಡೋರ್ಯಾರು? ನಿಂಗಾಜಮ್ಮ ಅಣ್ಣ ಕುನ್ನೇಗೌಡನ ಕಾಲು ಹಿಡಿದಳು. "ಅಣ್ಣಯ್ಯ, ನಿನ್ನ ಮಗಳು ಹೊನ್ನೀನ ನನಗೆ ಕೊಡು. ನಾನು ಹೋದ ಮೇಲೆ ಇವನಿಗೆ ಅನ್ನ ಹಾಕೋರು ಯಾರಿದ್ದಾರೆ?"

ಕುನ್ನೇಗೌಡ ಮೀಸೆ ಎಳ್ಕೊಂಡ. "ಅರಸಿನವರ ಮನೇಲಿ ಒಂದು ವರ್ಷ ಕೆಲಸಕ್ಕೆ ನಿಲ್ಲಲಿ. ಅವರು ಹೊಡೆದ ಹುಲಿಯ ತೊಗಲು ಪಟ್ಟಣದಲ್ಲಿ ಹುಲ್ಲು ತುಂಬಿಸಿಕೊಂಡು ಬೊಂಬೆಯಾಗಿ ಮನೆಗೆ ಬರೋತನಕ ಇವನು ಕೆಲಸ ಕಳ್ಕೋಬಾರದು. ಬರೋ ಯುಗಾದಿ ಒಳಗೆ ಹುಲಿ ಬಂತೋ, ಹೊನ್ನಿ ನಿನ್ನ ಸೊಸೆ. ಬರಲಿಲ್ಲವೋ, ಕೇಳೋರು ಬೇರೆ ಇದ್ದಾರೆ."

ಅವತ್ತಿಂದ ನಿಂಗಾಜಮ್ಮನ ಜೀವ ಕೂತಲ್ಲಿ ಕೂರದು, ನಿಂತಲ್ಲಿ ನಿಲ್ಲದು. ಒಳಗೆ ಹೋದಳು, ಹೊರಗೆ ಬಂದಳು. ಹೊರಗೆ ಬಂದಳು, ಒಳಗೆ ಹೋದಳು.

ಇನ್ನು ಅರಸಿನವರು. ದೇಪರಾಜೇ ಅರಸು ಅಂದರೆ ಸುತ್ತ ಹಳ್ಳಿ ನಡುಗೋದು. ಇಷ್ಟು ದಪ್ಪ ಮೀಸೆ, ಇಷ್ಟಗಲ ಕಣ್ಣು. ಹುಲಿ ಹೊಡೆದದ್ದೇನೋ ನಿಜ. ಆದರೆ ಅವರ ಭಾವಮೈದ ಬಂದಾಗೆಲ್ಲ, "ಎಲ್ಲಿ ಭಾವ ಹುಲಿ? ಕಾಣೆನಲ್ಲ! ಬೆಕ್ಕು ಗಿಕ್ಕು ಹೊಡೆದಿರೋ ಹೇಗೆ?" ಅನ್ನೋನು. ಅರಸಿನವರಿಗೆ ಮೈಯೆಲ್ಲ ಉರಿ. ತುಂಬಿದ ಹುಲೀನ ಹಜಾರದಲ್ಲಿ ನಿಲ್ಲಿಸೋತನಕ ಅವರಿಗೆ ಊಟ ಸೇರದು. ಉಪ್ಪು ಹಚ್ಚಿದ ತೊಗಲನ್ನ ಗೋಣಿಚೀಲಕ್ಕೆ ತುಂಬಿಸಿ, ಹೊಸದಾಗಿ ಕೆಲಸಕ್ಕೆ ಸೇರಿದ್ದ ಜವರನ ತಲೆ ಮೇಲೆ ಹೊರಿಸಿದರು.

"ಪಟ್ಟಣದಲ್ಲಿ ತೊಗಲು ತುಂಬೋ ಗೌಸ್ ಸಾಬರ ಕಾರ್ಖಾನೆಗೆ ಹೋಗು. ಜೋಪಾನ! ದಾರೀಲಿ ಜನ ತಾಯಿತಕ್ಕೆ ಅಂತ ಹುಲಿ ಉಗುರು ಕೀಳ್ತಾರೆ, ಮೀಸೆ ಕೀಳ್ತಾರೆ. ಯಾರ ಕೈಗೂ ಕೊಡಬೇಡ!"

"ಆಗ್ಲಿ ಬುದ್ಧಿ!"

ಹೋದ. ಹತ್ತು ಮೈಲಿ ನಡೆದ. ಗೌಸ್ ಸಾಬರು ಕೈ ಚಾಚಿದರು. ಜವರ ಚೀಲ ತಬ್ಬಿಕೊಂಡ.

"ಕೊಡಪ್ಪಾ."

"ಯಾರ ಕೈಗೂ ಕೊಡಬೇಡ ಅಂದವ್ರೆ."

"ಅರೆ, ನಾನೇ ಗೌಸ್ ಸಾಬ್!"

"ನಿಮಗೂ ಕೈ ಇದ್ಯಲ್ಲ!"

ಸಂಜೆವರೆಗೂ ತಬ್ಬಿಕೊಂಡಿದ್ದು, ಹೊತ್ತುಕೊಂಡೇ ವಾಪಸು ಬಂದ. ನಿಂಗಾಜಮ್ಮ ಬಾಯಿ ಬಡ್ಕೊಂಡಳು. "ಅಯ್ಯೋ ನನ್ನ ಕರ್ಮವೇ! ಪಟ್ಟಣಕ್ಕೆ ಹೋದ ಮೇಲೆ ಕೈ ಚಾಚಿದವರಿಗೆ ಕೊಟ್ಟುಬಿಡಬೇಕು ಕಣೋ!"

"ಆಗ್ಲಿ ಕಣವ್ವ!"

ಮಾರನೇ ದಿನ ಮತ್ತೆ ಹೋದ. ಪಟ್ಟಣದ ಬಾಗಿಲಲ್ಲೇ ದೇವಸ್ಥಾನ, ದೇವಸ್ಥಾನದ ಮುಂದೆ ಒಬ್ಬ ಭಿಕ್ಷುಕ. "ಧರ್ಮ ಮಾಡಿ ತಂದೇ!" ಅಂತ ಕೈ ಚಾಚಿದ. ಜವರ ಚೀಲ ಕೊಟ್ಟುಬಿಟ್ಟ!

ಸುದ್ದಿ ಕೇಳಿ ಗೌಸ್ ಸಾಬರು ಎದ್ದೆನೋ ಬಿದ್ದೆನೋ ಅಂತ ಓಡಿಬಂದರೆ, ಭಿಕ್ಷುಕ ಹುಲಿಚರ್ಮ ಹಾಸ್ಕೊಂಡು, ಕಣ್ಣು ಮುಚ್ಚಿ, ಪದ್ಮಾಸನ ಹಾಕಿ ಕೂತಿದ್ದಾನೆ. ಮುಂದೆ ಬಾಳೆಹಣ್ಣಿನ ರಾಶಿ, ತೆಂಗಿನಕಾಯಿ ರಾಶಿ. ಹೆಂಗಸರು ಮಕ್ಕಳನ್ನ ಪಾದಕ್ಕೆ ಹಾಕ್ತಿದ್ದಾರೆ. "ಏಳಯ್ಯ!" ಅಂದರು ಸಾಬರು. ಸ್ವಾಮಿ ಒಂದೇ ಕಣ್ಣು ತೆರೆದು, "ನಾಳೆ ಸೋಮವಾರ, ಅದೊಂದು ಮುಗಿಸಿಕೊಂಡು ಕೊಡ್ತೀನಿ ಸಾಬರೇ" ಅಂದ. ಎಳೆದಾಡಿ ಬಿಡಿಸಿಕೊಳ್ಳಬೇಕಾಯ್ತು.

"ಹುಲಿ ಸಿದ್ಧವಾಗೋಕೆ ಒಂದು ವರ್ಷ ಆಗುತ್ತೆ ಅಂತ ಹೇಳು ನಿಮ್ಮ ಅರಸಿನವರಿಗೆ" ಅಂದರು ಸಾಬರು. "ತೊಗಲು ಹದ ಆಗಬೇಕು. ಬೊಂಬೆ ಕಟ್ಟಬೇಕು. ಹೊಲಿಬೇಕು. ಒಣಗಬೇಕು. ಗಾಜಿನ ಕಣ್ಣು ಹಡಗಲ್ಲಿ ಬರಬೇಕು. ನಿಮಗಿಂತ ಮುಂಚೆ ಬಂದ ಹನ್ನೊಂದು ಹುಲಿ ಪಾಳಿಯಲ್ಲಿ ಕಾಯ್ತಿವೆ!"

"ಒಂದು ವರ್ಷವೇ!" ಸುದ್ದಿ ಕೇಳಿ ಅರಸಿನವರು ಕುರ್ಚಿಯಿಂದ ಎದ್ದರು, ಕೂತರು, ಮತ್ತೆ ಎದ್ದರು. "ಹೊಡೆಯೋಕೆ ನನಗೆ ಒಂದು ಗಳಿಗೆ, ತುಂಬೋಕೆ ಅವನಿಗೆ ಒಂದು ವರ್ಷ! ಲೋ ಜವರ, ವಾರಕ್ಕೊಂದು ಸಲ ಹೋಗಿ ಕೇಳ್ಕೊಂಡು ಬಾ, ಇನ್ನೂ ಎಷ್ಟು ದಿನ ಅಂತ!"

ವಾರ ವಾರ ಇಪ್ಪತ್ತು ಮೈಲಿ ನಡೆಯೋಕೆ ಬೇರೆ ಯಾವ ಆಳೂ ಒಪ್ಪಲಿಲ್ಲ. ಅದಕ್ಕೇ ಜವರನ ಕೆಲಸ ಉಳೀತು. ನಿಂಗಾಜಮ್ಮ ಅವನಿಗೆ ಬುದ್ಧಿ ಹೇಳಿದಳು. "ಬಾಗಿಲಿಗೆ ಹೋದ ತಕ್ಷಣ ಕೈ ಮುಗಿ. 'ಇನ್ನೂ ಎಷ್ಟು ದಿನ ಆಗುತ್ತೆ ಸ್ವಾಮಿ?' ಅಂತ ಕೇಳು. ಮರೀಬೇಡ!"

"ಮರೆಯಲ್ಲ ಕಣವ್ವ!"

ಮರೆಯೋನಲ್ಲ ಅವನು, ಅದೇ ತೊಂದರೆ! ದಾರೀಲಿ ಪಟೇಲರ ಮನೆ. ಹಳೇ ಪಟೇಲರು ಹಾಸಿಗೆ ಹಿಡಿದಿದ್ದರು, ಮನೆಯವರು ಬಾಯಿಗೆ ನೀರು ಬಿಡ್ತಾ ಇದ್ದರು. ಜಗಲಿ ತುಂಬ ನೆಂಟರು. "ಬಾರೋ ಜವರ, ನೀನೂ ಒಂದು ಸಲ ನೋಡಿಬಿಡು" ಅಂತ ಕರೆದರು. ಬಾಗಿಲಿಗೆ ಹೋದ. ಕೈ ಮುಗಿದ. ಹಾಸಿಗೆ ಕಡೆ ಬಗ್ಗಿ ಗಟ್ಟಿಯಾಗಿ ಕೇಳಿದ.

"ಇನ್ನೂ ಎಷ್ಟು ದಿನ ಆಗುತ್ತೆ ಸ್ವಾಮಿ? ನಮ್ಮ ಬುದ್ಧಿಯೋರು ಕಾಯ್ತವ್ರೆ!"

ಬಿದ್ದವಲ್ಲ ಒದೆ! ಮನೆಗೆ ಬಂದಾಗ ಬೆನ್ನ ಮೇಲೆ ಬಾಸುಂಡೆ.

"ಥೂ, ಹೊಟ್ಟೆಗೇನು ತಿಂತೀಯೋ!" ಅಂದಳು ನಿಂಗಾಜಮ್ಮ, ಎಣ್ಣೆ ಹಚ್ಚುತ್ತಾ. ಅಳು ತಡೆಯೋಕಾಗಲಿಲ್ಲ ಅವಳಿಗೆ. "'ಅವಸರ ಏನಿಲ್ಲ ಸ್ವಾಮಿ, ನಿಧಾನವಾಗಲಿ, ಎಲ್ಲರಿಗಿಂತ ಕೊನೇಲಿ ಹೋದರೂ ಆಯ್ತು' ಅನ್ನಬೇಕಪ್ಪಾ ಹಾಗೆ ಮಲಗಿದ್ದವರಿಗೆ!"

"ಆಗ್ಲಿ ಕಣವ್ವ!"

ಮುಂದಿನ ವಾರ ಕಾರ್ಖಾನೆಗೆ ಹೋದರೆ ಅಲ್ಲಿ ಹುಲಿ ಮಲಗಿತ್ತು. ಜವರ ಕೈ ಮುಗಿದ. "ಅವಸರ ಏನಿಲ್ಲ ಸ್ವಾಮಿ, ನಿಧಾನವಾಗಲಿ. ಎಲ್ಲರಿಗಿಂತ ಕೊನೇಲಿ ಹೋದರೂ ಆಯ್ತು!"

ಗೌಸ್ ಸಾಬರ ಕಣ್ಣಲ್ಲಿ ನೀರು ಬಂತು. ಮೂವತ್ತು ವರ್ಷದ ಕಸುಬಿನಲ್ಲಿ ಈ ಮಾತು ಹೇಳಿದ ಗಿರಾಕಿ ಒಬ್ಬನಿಲ್ಲ! "ಶಭಾಷ್! ದೊಡ್ಡ ಮನಸು ನಿಮ್ಮ ಅರಸಿನವರದು!" ಅಂತ ಹುಲೀನ ಎತ್ತಿ ಪಾಳಿಯ ಕೊನೆಗೆ ಇಟ್ಟುಬಿಟ್ಟರು. ಅಲ್ಲಿಗೆ ಇನ್ನೊಂದು ವರ್ಷ!

ಕೇಳಿದ ನಿಂಗಾಜಮ್ಮ ಹಣೆ ಚಚ್ಕೊಂಡಳು. ಯುಗಾದಿ ಕೈ ತಪ್ಪಿತು, ಹೊನ್ನಿ ಕೈ ತಪ್ಪಿದಳು! ಒಳಗೆ ಹೋದಳು, ಹೊರಗೆ ಬಂದಳು. ಕೊನೆಗೆ ಸೆರಗು ಬಿಗಿದು, ಮಗನನ್ನೂ ಎಳ್ಕೊಂಡು ಹತ್ತು ಮೈಲಿ ತಾನೇ ನಡೆದಳು. "ಸಾಬರೇ, ನನ್ನ ಸೊಸೆ ಆ ಹುಲಿ ಬೆನ್ನ ಹಿಂದೇ ಬರಬೇಕಾಗಿದೆ. ಅದು ನಿಂತರೆ ಅವಳೂ ನಿಲ್ತಾಳೆ. ನಾನು ಎಷ್ಟು ದಿನ ಇರ್ತೀನೋ! ಹಳೇ ಜಾಗಕ್ಕೇ ಇಡಿ, ನಿಮ್ಮ ಪುಣ್ಯ."

ಸಾಬರು ಒಳ್ಳೆಯ ಮನುಷ್ಯ. ಮಗನ ಮುಖ ನೋಡಿದರು, ತಾಯಿ ಮುಖ ನೋಡಿದರು. ಹುಲೀನ ಹಳೇ ಜಾಗಕ್ಕೆ ತಂದಿಟ್ಟರು.

ದಿನ ಹೋಯ್ತು, ವಾರ ಹೋಯ್ತು, ಸಂಕ್ರಾಂತಿ ಬಂತು. ಭಾವಮೈದ ಎಳ್ಳು ಬೀರೋಕೆ ಬರ್ತಾನೆ ಅಂತ ಸುದ್ದಿ. ಅರಸಿನವರಿಗೆ ತಡೆಯಲಿಲ್ಲ. "ಗಾಡಿ ಕಟ್ಕೊಂಡು ಹೋಗೋ ಜವರ! ಎಷ್ಟಾಗಿದೆಯೋ ಅಷ್ಟನ್ನೇ ಹೇರ್ಕೊಂಡು ಬಾ!"

ಹೋದ. ಸಾಬರು ನಮಾಜಿಗೆ ಹೋಗಿದ್ದರು. ಹೊಲಿದು ನಿಲ್ಲಿಸಿದ್ದ ಹಸಿ ಹುಲಿ, ಕಣ್ಣಿಲ್ಲ, ಕಣ್ಣಿನ ಜಾಗದಲ್ಲಿ ಎರಡು ತೂತು. ಎಷ್ಟಾಗಿದೆಯೋ ಅಷ್ಟು! ಹೇರ್ಕೊಂಡು ಬಂದ. ನೊಣ ಮುಂದೆ, ನಾಯಿ ಹಿಂದೆ, ನಡುವೆ ಗಾಡಿ. ಹಜಾರಕ್ಕೆ ತಂದು ನಿಲ್ಲಿಸಿದ್ದೇ ತಡ, ನಾತ ಅಂದರೆ ನಾತ! ಭಾವಮೈದ ಮೂಗಿಗೆ ಅಂಗವಸ್ತ್ರ ಒತ್ತಿ, "ಹೊಡೆದದ್ದು ನೀವಲ್ಲ ಭಾವ, ಅದೇ ಸತ್ತು ವಾರ ಆಗಿತ್ತು!" ಅಂದ. ಮುತ್ತೈದೆಯರು ಎಳ್ಳು-ಬೆಲ್ಲ ಬಿಟ್ಟು ಓಡಿದರು.

ಅರಸಿನವರು ಕೋವಿಗೇ ಕೈ ಹಾಕಿದ್ದರಂತೆ. ನಿಂಗಾಜಮ್ಮ ಅಡ್ಡ ಬಿದ್ದು, "ತಪ್ಪಾಯ್ತು ಬುದ್ಧಿ, ಇದೊಂದು ಸಲ!" ಅಂತ ಅತ್ತು ಕರೆದು ಮಗನ ಕೆಲಸ ಉಳಿಸಿಕೊಂಡಳು. ಮನೆಗೆ ಬಂದು ಪೊರಕೆ ತಗೊಂಡಳು.

"ಮುಟ್ಠಾಳ! ಯಾರು ಎಷ್ಟೇ ಅವಸರ ಮಾಡಲಿ, ನೀನು ಏನನ್ನಬೇಕು? 'ಈಗಲೇ ಬೇಡ, ಹಸಿ ಇದೆ, ಗಾಳಿಗಿಟ್ಟು ಚೆನ್ನಾಗಿ ಒಣಗಿಸಿ. ಒಣಗದೆ ಮನೆಗೆ ತಂದರೆ ನಾರುತ್ತೆ' ಅನ್ನಬೇಕು! ತಲೇಲಿ ಇಟ್ಕೋ!"

"ಇಟ್ಕೊಂಡೆ ಕಣವ್ವ!"

ಇಟ್ಕೊಂಡ. ಕಳೀಲಿಲ್ಲ. ಅದನ್ನ ನೀವೂ ನೆನಪಿಟ್ಕೊಳ್ಳಿ.

ಹಸಿ ಹುಲಿ ಮತ್ತೆ ಗಾಡಿ ಹತ್ತಿ ಸಾಬರ ಕಾರ್ಖಾನೆಗೆ ಹೋಯ್ತು. ಯುಗಾದಿಗೆ ನಾಲ್ಕು ದಿನ ಇದ್ದ ಹಾಗೆ ಸಿದ್ಧವಾಯ್ತು. ಅಬ್ಬಾ, ಏನು ಹುಲಿ! ಹಳದಿ ಗಾಜಿನ ಕಣ್ಣು, ತೆರೆದ ಬಾಯಿ, ಎತ್ತಿದ ಪಂಜ. ಅದನ್ನ ನೋಡಿ ಗಾಡಿ ಎತ್ತೇ ಹಗ್ಗ ಕಿತ್ಕೊಂಡವು. ಗೌಸ್ ಸಾಬರು ಜವರನಿಗೆ ಹೇಳಿದರು. "ದಾರೀಲಿ ಜನ ಬೆಚ್ಚಿಬೀಳ್ತಾರೆ. ಹೆದರಿದವರಿಗೆಲ್ಲ ಹೇಳ್ಕೊಂಡು ಹೋಗು, 'ಹೆದರಬೇಡಿ, ನೋಡೋಕಷ್ಟೇ ಹೀಗೆ, ಒಳಗೆ ಬರೀ ಹುಲ್ಲು, ಏನೂ ಮಾಡಲ್ಲ' ಅಂತ."

"ಆಗ್ಲಿ ಸಾಬರೇ!"

ಹತ್ತು ಮೈಲಿ ಉದ್ದಕ್ಕೂ ಹೇಳ್ಕೊಂಡೇ ಬಂದ. ಒಂದು ತಪ್ಪಿಲ್ಲ. ಹುಲಿ ಹಜಾರದಲ್ಲಿ ನಿಂತಿತು. ಊರೆಲ್ಲ ಸೇರಿತು. ಭಾವಮೈದನ ಬಾಯಿ ಕಟ್ಟಿತು. ಅರಸಿನವರ ಮುಖ ನೋಡಬೇಕಿತ್ತು ನೀವು! ನಿಂಗಾಜಮ್ಮ ಅಣ್ಣನ್ನೂ ಹೊನ್ನೀನೂ ಕರ್ಕೊಂಡು ಬಂದು ಬಾಗಿಲಲ್ಲಿ ನಿಂತಳು. ಅವಳಿಗೆ ಮೈಯೆಲ್ಲ ಸಂತೋಷ. ಆಗಿಹೋಯ್ತು, ಗೆದ್ದೆ ಅನ್ನೋ ಸಂತೋಷ.

"ಯಾರು, ಕುನ್ನೇಗೌಡನಾ? ಬಾ ಒಳಕ್ಕೆ!" ಅಂತ ಅರಸಿನವರು ಗುಡುಗಿದರು.

ಕುನ್ನೇಗೌಡ ಹುಲಿಗೆ ಹೆದರೋನಲ್ಲ. ಅರಸಿನವರನ್ನ ಕಂಡರೆ ಅವನಿಗೆ ಕೈಕಾಲು ನಡುಕ. ಹೊಸಿಲ ಮೇಲೇ ಗಡಗಡ ನಡುಗಿದ. ಜವರ ನೋಡಿದ. ಪಾಪ, ಮಾವ ಹೆದರಿದಾನೆ! ಓಡಿಬಂದು ಮಾವನ ಕೈ ಹಿಡಿದ. ಇನ್ನೊಂದು ಕೈಯಲ್ಲಿ ಅರಸಿನವರನ್ನ ತೋರಿಸಿದ.

"ಹೆದರಬೇಡ ಮಾವ! ನೋಡೋಕಷ್ಟೇ ಹೀಗೆ. ಒಳಗೆ ಬರೀ ಹುಲ್ಲು, ಏನೂ ಮಾಡಲ್ಲ!"

ಭಾವಮೈದ ನಕ್ಕ ನೋಡಿ, ಹೊಟ್ಟೆ ಹಿಡ್ಕೊಂಡು, ನೆಲಕ್ಕೆ ಉರುಳಿ! "ಹೌದಾ ಭಾವ? ಹುಲ್ಲೇ?" ಊರಿಗೆ ಊರೇ ಮುಖ ಮುಚ್ಕೊಂಡು ಕುಲುಕಿತು. ಅರಸಿನವರು ಮೀಸೆ ನಡುಗಿಸುತ್ತಾ, "ತೊಲಗೋ! ಈ ಕ್ಷಣ ತೊಲಗು! ನಿನ್ನ ನೆರಳೂ ಇಲ್ಲಿ ಬೀಳಕೂಡದು!" ಅಂತ ಕೂಗಿದ್ದು ಮೂರು ಬೀದಿಗೆ ಕೇಳಿತು.

ನಿಂಗಾಜಮ್ಮ ಮಗನ ಕೈ ಹಿಡ್ಕೊಂಡು ಬೀದಿಗೆ ಓಡಿದಳು. ಒಂದು ವರ್ಷ ಕಾದದ್ದೆಲ್ಲ ನೀರಿಗೆ ಬಿತ್ತು ಅಂತ ಎದೆ ಬಡ್ಕೊಂಡಳು. "ಆ ಹುಲ್ಲಿನ ಮಾತು ಇನ್ನು ನಿನ್ನ ಬಾಯಲ್ಲಿ ಬಂದರೆ ನಾಲಿಗೆ ಸುಡ್ತೀನಿ! ಪರರ ಮಾತು ಯಾಕೆ ಕಟ್ಕೊಂಡೆ? ನಾನು ಹೇಳಿಕೊಟ್ಟಿದ್ದೆನಲ್ಲ, ಅದನ್ನ ಹೇಳೋಕೆ ಏನಾಗಿತ್ತು?"

"ಇನ್ನು ಅದನ್ನೇ ಹೇಳ್ತೀನಿ ಕಣವ್ವ!"

ಅಷ್ಟರಲ್ಲಿ ಹಿಂದಿನಿಂದ ಕುನ್ನೇಗೌಡ ಬಂದ. ಬೈತಾನೆ ಅಂದುಕೊಂಡಳು. ನೋಡಿದರೆ ನಗು ತಡೀಲಾರದೆ ಕಣ್ಣು ಒರೆಸ್ಕೊಳ್ತಾ ಇದ್ದಾನೆ! "ತಂಗೀ, ಇಪ್ಪತ್ತು ವರ್ಷದಿಂದ ಆ ಮೀಸೆ ಕಂಡರೆ ನಡುಗ್ತಿದ್ದೆ. ಇವತ್ತು ನನ್ನ ನಡುಕ ಹೋಯ್ತು! ಹುಲಿ ಮನೆಗೆ ಬರೋತನಕ ಅಂದಿದ್ದೆ, ಬಂತು. ಕೆಲಸ ಹೋದದ್ದು ಆಮೇಲೆ ತಾನೇ? ಕೊಟ್ಟ ಮಾತು ಕೊಟ್ಟದ್ದೇ. ಹೊನ್ನಿ, ನಿನಗೆ ಒಪ್ಪಿಗೆಯೇನಮ್ಮ?"

ಹೊನ್ನೀಗೂ ಇನ್ನೂ ನಗು ನಿಂತಿರಲಿಲ್ಲ. ಸೆರಗು ಬಾಯಿಗಿಟ್ಟುಕೊಂಡು ತಲೆ ಆಡಿಸಿದಳು.

ನಿಂಗಾಜಮ್ಮನಿಗೆ ಹೋದ ಜೀವ ಬಂತು. ಕುನ್ನೇಗೌಡ ಜವರನ ಭುಜ ತಟ್ಟಿದ. "ಏನಪ್ಪಾ ಅಳಿಯ! ಯುಗಾದಿ ಮಾರನೇ ದಿನವೇ ಧಾರೆ ಎರೆದು ಹೊನ್ನೀನ ನಿನ್ನ ಮನೆಗೆ ಕಳಿಸಿಬಿಡಲಾ?"

ಜವರ ಅವ್ವನ ಮುಖ ನೋಡಿದ. ಅವ್ವ ಹೇಳಿಕೊಟ್ಟದ್ದು ತಲೇಲಿ ಭದ್ರವಾಗಿತ್ತು. ಕೈ ಮುಗಿದ.

"ಈಗಲೇ ಬೇಡ ಮಾವ! ಹಸಿ ಇದೆ. ಗಾಳಿಗಿಟ್ಟು ಚೆನ್ನಾಗಿ ಒಣಗಿಸಿ. ಒಣಗದೆ ಮನೆಗೆ ತಂದರೆ ನಾರುತ್ತೆ!"

ಕುನ್ನೇಗೌಡನ ನಗು ಅಲ್ಲೇ ನಿಂತಿತು. ಮಗಳ ರಟ್ಟೆ ಹಿಡಿದು ದರದರ ಎಳ್ಕೊಂಡು ಹೊರಟ. ಹೊನ್ನಿ ತಿರುತಿರುಗಿ ನೋಡ್ತಾ, ತನ್ನ ಸೆರಗು ಮೂಸಿಕೊಂಡಳು.

"ಚಿಂತೆ ಮಾಡಬೇಡ ಮಾವ!" ಅಂತ ಜವರ ಹಿಂದಿನಿಂದ ಕೂಗಿದ. "ವಾರಕ್ಕೊಂದು ಸಲ ಬಂದು ಕೇಳ್ಕೊಂಡು ಹೋಗ್ತೀನಿ, ಇನ್ನೂ ಎಷ್ಟು ದಿನ ಅಂತ!"

ಒಂದು ವರ್ಷದಿಂದ ಕೂತಲ್ಲಿ ಕೂರದಿದ್ದ ನಿಂಗಾಜಮ್ಮ ಬೀದಿ ಧೂಳಲ್ಲೇ ಕುಕ್ಕರಿಸಿ ಕೂತುಬಿಟ್ಟಳು.